ಗಣಿ ಕೆಸರು ಹೊಕ್ಕ ಹೊಳೆ: ನೀರಿನ ಪರೀಕ್ಷೆಯೂ ನಮ್ಮ ರಾಸುಗಳೂ



ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸುವಿಗೆ 50ರಿಂದ 60 ಲೀಟರ್ ನೀರು ಬೇಕು. ಬಿರುಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ಈ ಪುಟದಲ್ಲಿ ಮೇವು, ಪಶು ಆಹಾರ, ಕೆಚ್ಚಲು ಬಾವು ಇವುಗಳ ಬಗ್ಗೆ ಎಷ್ಟೋ ಸಲ ಬರೆದದ್ದಾಗಿದೆ. ಇವೆಲ್ಲಕ್ಕಿಂತ ಹೆಚ್ಚು ತೂಕದಲ್ಲಿ ಹಸುವಿನ ಹೊಟ್ಟೆಗೆ ಹೋಗುವ ನೀರಿನ ಬಗ್ಗೆ ಬರೆದದ್ದು ಕಡಿಮೆ. ಈ ಸಂಚಿಕೆಯಲ್ಲಿ ನೀರಿನ ಪಾಠವನ್ನು ಬ್ರೆಜಿಲ್ ದೇಶದ ಒಂದು ಹೊಳೆಯ ದಂಡೆಯಲ್ಲಿ ನಿಂತು ಕಲಿಯೋಣ.

‘ಅಷ್ಟು ದೂರದ ಸುದ್ದಿ ನಮಗ್ಯಾಕೆ ಡಾಕ್ಟ್ರೇ?’ ಎಂದು ನೀವು ಕೇಳುವುದು ನನಗೆ ಗೊತ್ತು. ಬ್ರೆಜಿಲ್‌ನಲ್ಲಿ ಅತಿ ಹೆಚ್ಚು ಹಾಲು ಉತ್ಪಾದಿಸುವ ರಾಜ್ಯದ ಹೆಸರು ಮಿನಾಸ್ ಜೆರೈಸ್. ಅಲ್ಲಿನ ಕೊಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವ ಹಸು ಜಿರೊಲಾಂಡೊ. ನಮ್ಮ ಗುಜರಾತಿನ ಗಿರ್ ತಳಿಯನ್ನೂ ನೀವೆಲ್ಲ ಎಚ್‌ಎಫ್ ಎಂದು ಕರೆಯುವ ಹೋಲ್‌ಸ್ಟೀನ್ ತಳಿಯನ್ನೂ ಕೂಡಿಸಿ ಮಾಡಿದ ಮಿಶ್ರತಳಿ ಅದು. ಗಿರ್, ಕಾಂಕ್ರೇಜ್, ಓಂಗೋಲ್ ತಳಿಗಳು ಹಡಗೇರಿ ಅಲ್ಲಿಗೆ ಹೋಗಿ ನೆಲೆ ನಿಂತಿವೆ. ಅಂದರೆ ಅಲ್ಲಿ ಆ ಹೊಳೆಯ ನೀರು ಕುಡಿಯುತ್ತಿದ್ದ ಎಷ್ಟೋ ಹಸುಗಳ ಮೈಯಲ್ಲಿ ಹರಿಯುವುದು ನಮ್ಮ ದೇಶದ ರಾಸುಗಳದೇ ರಕ್ತ. ಆ ರಾಜ್ಯದಲ್ಲಿ ಹಾಲಿನಷ್ಟೇ ದೊಡ್ಡ ವ್ಯವಹಾರ ಕಬ್ಬಿಣದ ಅದಿರು. ಹಸು ಮತ್ತು ಗಣಿ ಒಂದೇ ಹೊಳೆಯ ನೀರನ್ನು ಹಂಚಿಕೊಂಡರೆ ಏನಾಗಬಹುದು ಎಂಬುದಕ್ಕೆ ಅಲ್ಲಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದಿಲ್ಲ.

2019ರ ಜನವರಿ 25ರ ಮಧ್ಯಾಹ್ನ

ಗಣಿಯಿಂದ ತೆಗೆದ ಅದಿರನ್ನು ಹಿಟ್ಟಿನಂತೆ ಪುಡಿಮಾಡಿ ನೀರಿನಲ್ಲಿ ತೊಳೆಯುತ್ತಾರೆ. ಕಬ್ಬಿಣದ ಅಂಶ ಒಂದು ಕಡೆ ಹೋಗುತ್ತದೆ. ಉಳಿದ ಮಣ್ಣು, ಮರಳು, ಅದಿರಿನ ಚೂರು ನೀರಿನೊಂದಿಗೆ ಬೆರೆತು ಕೆಸರಾಗಿ ಉಳಿಯುತ್ತದೆ. ಈ ಗಣಿ ಕೆಸರನ್ನು ಕಣಿವೆಗೆ ಅಡ್ಡಲಾಗಿ ಕಟ್ಟೆ ಕಟ್ಟಿ ಅದರ ಹಿಂದೆ ತುಂಬುತ್ತಾರೆ. ಕೆಸರು ತುಂಬಿದ ಹಾಗೆ ಕಟ್ಟೆಯನ್ನು ಎತ್ತರಿಸಬೇಕು. ಎತ್ತರಿಸುವುದಕ್ಕೆ ಅಗ್ಗದ ದಾರಿ ಎಂದರೆ ಒಳಗೆ ತುಂಬಿ ಒಣಗಿದಂತೆ ಕಾಣುವ ಕೆಸರಿನ ಮೇಲೆಯೇ ಮುಂದಿನ ಸುತ್ತು ಕಟ್ಟುವುದು. ಗೊಬ್ಬರದ ಗುಂಡಿಯ ಅಂಚು ಎತ್ತರಿಸಲು ಹೊರಗಿನ ಗಟ್ಟಿ ನೆಲ ಬಿಟ್ಟು ಒಳಗಿನ ಸಗಣಿಯ ಮೇಲೆಯೇ ಕಲ್ಲು ಜೋಡಿಸಿದರೆ ಹೇಗೋ ಹಾಗೆ. ಮೇಲೆ ಹೆಪ್ಪುಗಟ್ಟಿರುತ್ತದೆ, ಒಳಗೆ ನೀರು ಇದ್ದೇ ಇರುತ್ತದೆ.

ಬ್ರುಮಾಡಿನ್ಯೊ ಎಂಬ ಊರಿನ ಹತ್ತಿರ ವಾಲೆ ಕಂಪನಿಯ ಗಣಿಯಲ್ಲಿದ್ದ 86 ಮೀಟರ್ ಎತ್ತರದ ಅಂಥ ಕಟ್ಟೆ ಆ ದಿನ ಮಧ್ಯಾಹ್ನ 12 ಗಂಟೆ 28 ನಿಮಿಷಕ್ಕೆ ಕುಸಿಯಿತು. 2016ರಿಂದ ಅದಕ್ಕೆ ಹೊಸ ಕೆಸರು ತುಂಬುತ್ತಿರಲಿಲ್ಲ. ಕಟ್ಟೆ ಗಟ್ಟಿಯಾಗಿದೆ ಎಂದು ನಾಲ್ಕು ತಿಂಗಳ ಹಿಂದಷ್ಟೇ ತಪಾಸಣಾ ಸಂಸ್ಥೆಯೊಂದು ಪತ್ರವನ್ನೂ ಕೊಟ್ಟಿತ್ತು. ಗಟ್ಟಿಯಾಗಿ ಕಂಡದ್ದು ಒಮ್ಮೆಲೇ ದ್ರವವಾಗಿ ಹರಿಯಿತು ಎಂದು ಆಮೇಲೆ ತಜ್ಞರ ಸಮಿತಿ ವರದಿ ಕೊಟ್ಟಿತು. ಐದು ನಿಮಿಷದೊಳಗೆ ಸುಮಾರು 97 ಲಕ್ಷ ಘನ ಮೀಟರ್ ಕೆಸರು ಹೊರಬಿತ್ತು. 270 ಜನ ಸತ್ತರು. ಬಹಳ ಮಂದಿ ಗಣಿಯ ನೌಕರರೇ. ಅದು ಊಟದ ಹೊತ್ತು, ಊಟದ ಮನೆ ಕಟ್ಟೆಯ ಕೆಳಗಡೆಯೇ ಇತ್ತು. ಕೆಸರಿನಲ್ಲಿ ಹೂತ ದನಗಳನ್ನು ಎತ್ತಲು ಪಶುವೈದ್ಯರು ತಾವಾಗಿ ಬಂದರು. ಎತ್ತಲಾಗದ ಕೆಲವನ್ನು ಹೆಲಿಕಾಪ್ಟರ್‌ನಿಂದ ಗುಂಡು ಹಾರಿಸಿ ಕೊಂದದ್ದು ಅಲ್ಲಿ ದೊಡ್ಡ ವಿವಾದವಾಯಿತು.

ಕೆಸರು ಒಂದು ಹಳ್ಳದ ಮೂಲಕ ಹರಿದು ಪರವೊಪೆಬಾ ಎಂಬ ಹೊಳೆ ಸೇರಿತು. ನಮ್ಮ ಪಾಠ ಶುರುವಾಗುವುದು ಇಲ್ಲಿಂದ.

ಮೊದಲು ಬೇಲಿ, ಆಮೇಲೆ ಪರೀಕ್ಷೆ

ವಾರದೊಳಗೆ ರಾಜ್ಯ ಸರ್ಕಾರ ಒಂದು ಸೂಚನೆ ಹೊರಡಿಸಿತು. ಕೆಸರು ಸೇರಿದ ಜಾಗದಿಂದ ಕೆಳಕ್ಕೆ ಸುಮಾರು 250 ಕಿಲೋಮೀಟರ್‌ವರೆಗೆ ಹೊಳೆಯ ನೀರನ್ನು ಹಾಗೆಯೇ ಎತ್ತಿ ಯಾವುದಕ್ಕೂ ಬಳಸಬೇಡಿ, ಕುಡಿಯಲಿಕ್ಕೂ ಬೇಡ, ಗದ್ದೆಗೂ ಬೇಡ, ದನಕ್ಕೂ ಬೇಡ. ದಂಡೆಯಿಂದ 100 ಮೀಟರ್ ದೂರ ಇರಿ. ದನ ಹೊಳೆಗೆ ಇಳಿಯದಂತೆ ದಂಡೆಗೆ ಬೇಲಿ ಹಾಕಿದರು, ರೈತರಿಗೆ ಟ್ಯಾಂಕರ್‌ನಲ್ಲಿ ನೀರು ಕೊಡಬೇಕಾಯಿತು.

ಎಲ್ಲ ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಅವರು ಕಾಯಲಿಲ್ಲ ಎಂಬುದನ್ನು ಗಮನಿಸಿ. ಲೋಹಗಳ ಪರೀಕ್ಷೆ ಪ್ರಯೋಗಾಲಯದಲ್ಲಿ ಆಗಬೇಕು, ದಿನಗಳು ಹಿಡಿಯುತ್ತವೆ. ಹಸು ಅಷ್ಟು ದಿನ ಕಾಯುವುದಿಲ್ಲ, ಬಾಯಾರಿದ ಕೂಡಲೇ ಹೊಳೆಗೆ ಇಳಿಯುತ್ತದೆ. ಆದ್ದರಿಂದ ಮೊದಲು ದೂರ ಇಡಬೇಕು, ಆಮೇಲೆ ಪರೀಕ್ಷೆಯ ಆಧಾರದ ಮೇಲೆ ಹತ್ತಿರ ಬಿಡಬೇಕೋ ಬೇಡವೋ ತೀರ್ಮಾನಿಸಬೇಕು. ಮನೆಯಲ್ಲಿ ಶಂಕೆ ಬಂದ ಹಿಂಡಿಯನ್ನು ನೀವು ಮಾಡುವುದೂ ಇಷ್ಟೇ ತಾನೇ? ಬೂಷ್ಟು ಬಂದಂತೆ ಕಂಡರೆ ಮೊದಲು ಪಕ್ಕಕ್ಕೆ ಇಡುತ್ತೀರಿ.

ಆದರೆ ಬೇಲಿ ಹಾಕಿದ ದಿನದಿಂದಲೇ ಇನ್ನೊಂದು ಕಷ್ಟ ಶುರು. 20 ಹಸು ಇರುವ ಮನೆಗೆ ದಿನಕ್ಕೆ ಸಾವಿರ ಲೀಟರ್‌ಗೂ ಹೆಚ್ಚು ನೀರು ಬೇಕು. ಟ್ಯಾಂಕರ್ ಒಂದು ದಿನ ತಡವಾದರೆ ಮರುದಿನ ಹಾಲು ಇಳಿಯುತ್ತದೆ. ವಿಷದಿಂದ ಆಗುವ ನಷ್ಟಕ್ಕಿಂತ ಮೊದಲು ಬಂದು ಬಾಗಿಲು ತಟ್ಟುವುದು ನೀರಿಲ್ಲದ ನಷ್ಟ. ದುರಂತದ ಲೆಕ್ಕ ಹಾಕುವವರು ಇದನ್ನು ಸುಲಭವಾಗಿ ಮರೆಯುತ್ತಾರೆ ಎಂಬುದು ನನ್ನ ಅಭಿಪ್ರಾಯ. ಹಾಲು ಅಳೆದು ಹಾಕುವ ನೀವು ಮರೆಯುವುದಿಲ್ಲ.

ಸ್ಯಾಂಪಲ್ ಎಲ್ಲಿ ತೆಗೆಯಬೇಕು?

ಸಂಘದಲ್ಲಿ ಕ್ಯಾನಿನ ಹಾಲನ್ನು ಕಲಕದೆ ಮೇಲಿನಿಂದ ಸ್ಯಾಂಪಲ್ ತೆಗೆದರೆ ಜಿಡ್ಡು ಹೆಚ್ಚು ಬರುತ್ತದೆ, ಅಡಿಯಿಂದ ತೆಗೆದರೆ ಕಡಿಮೆ ಬರುತ್ತದೆ. ಹಾಲು ಒಂದೇ, ಸ್ಯಾಂಪಲ್ ತೆಗೆದ ರೀತಿ ಬೇರೆ. ಹೊಳೆಯೂ ಹಾಗೆಯೇ. ಎಲ್ಲಿ, ಯಾವಾಗ, ಹೇಗೆ ಬಾಟಲಿ ಮುಳುಗಿಸಿದಿರಿ ಎಂಬುದರ ಮೇಲೆ ಅರ್ಧ ಉತ್ತರ ತೀರ್ಮಾನವಾಗಿರುತ್ತದೆ.

ಮೊದಲನೆಯ ಬಾಟಲಿ ಕೆಸರು ಸೇರಿದ ಜಾಗಕ್ಕಿಂತ ಮೇಲೆ, ಕೆಸರು ಮುಟ್ಟದ ನೀರಿನಲ್ಲಿ ತುಂಬಬೇಕು. ಇದನ್ನು ಬಿಟ್ಟರೆ ಉಳಿದ ಬಾಟಲಿಗಳಿಗೆ ಅರ್ಥವೇ ಇಲ್ಲ. ಮಿನಾಸ್ ಜೆರೈಸ್‌ನ ಆ ಸೀಮೆಯ ಮಣ್ಣಿನಲ್ಲೇ ಕಬ್ಬಿಣ, ಮ್ಯಾಂಗನೀಸ್ ತುಂಬಿದೆ. ನಮ್ಮ ಸಂಡೂರಿನ ಕೆಂಪು ಮಣ್ಣಿನ ಹಾಗೆ. ಕೆಳಗಿನ ನೀರಿನಲ್ಲಿ ಕಬ್ಬಿಣ ಸಿಕ್ಕಿತು ಎಂದ ಮಾತ್ರಕ್ಕೆ ಅದು ಒಡೆದ ಕಟ್ಟೆಯಿಂದಲೇ ಬಂತು ಎನ್ನುವಂತಿಲ್ಲ. ಮೇಲಿನ ನೀರಿನಲ್ಲಿ ಎಷ್ಟಿತ್ತು, ಕೆಳಗೆ ಎಷ್ಟಾಯಿತು ಎಂದು ತಾಳೆ ನೋಡಬೇಕು.

ಎರಡನೆಯದು ಹಳೆಯ ಲೆಕ್ಕ. ಅಲ್ಲಿನ ರಾಜ್ಯದ ಜಲ ಸಂಸ್ಥೆ 1997ರಿಂದಲೇ ತನ್ನ ಹೊಳೆಗಳ ನೀರನ್ನು ಪರೀಕ್ಷಿಸಿ ಬರೆದಿಡುತ್ತಿತ್ತು. ಆದ್ದರಿಂದ ಮಳೆಗಾಲದಲ್ಲಿ ಪರವೊಪೆಬಾ ಮಾಮೂಲಾಗಿ ಎಷ್ಟು ರಾಡಿಯಾಗುತ್ತದೆ, ಯಾವ ಲೋಹ ಎಷ್ಟು ಇರುತ್ತದೆ ಎಂಬುದು ಗೊತ್ತಿತ್ತು. ಕಟ್ಟೆ ಒಡೆದದ್ದು ಅಲ್ಲಿಯ ಮಳೆಗಾಲದಲ್ಲಿ. ಹಳೆಯ ಲೆಕ್ಕ ಇಲ್ಲದೇ ಹೋಗಿದ್ದರೆ ‘ಮಳೆಗಾಲದ ರಾಡಿ, ಅಷ್ಟೇ’ ಎಂದು ಯಾರಾದರೂ ಕೈ ತೊಳೆದುಕೊಳ್ಳಬಹುದಿತ್ತು. ಹಸು ಗಬ್ಬ ನಿಂತ ತಾರೀಖು ಬರೆದಿಡಿ, ಹಾಲಿನ ಲೆಕ್ಕ ಬರೆದಿಡಿ ಎಂದು ನಾವು ಪ್ರತಿ ಸಭೆಯಲ್ಲೂ ಹೇಳುತ್ತೇವಲ್ಲ, ಅದು ಇದೇ ಕಾರಣಕ್ಕೆ. ಕೆಟ್ಟ ದಿನ ಬಂದಾಗ ಒಳ್ಳೆಯ ದಿನದ ಲೆಕ್ಕವೇ ಸಾಕ್ಷಿ.

ರಾಡಿ ಅಳೆಯುವುದು

ನೀರಿನ ರಾಡಿಯನ್ನು ಅಳೆಯುವ ಮಾನಕ್ಕೆ ಎನ್‌ಟಿಯು ಎನ್ನುತ್ತಾರೆ. ನೀರಿನ ಮೂಲಕ ಬೆಳಕು ಹಾಯಿಸಿ, ಅದು ತೇಲುವ ಕಣಗಳಿಗೆ ತಾಗಿ ಎಷ್ಟು ಚದುರಿತು ಎಂದು ಯಂತ್ರ ಹೇಳುತ್ತದೆ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ 1 ಎನ್‌ಟಿಯು ಇರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಒಪ್ಪಬಹುದು ಎಂದಿದೆ. ಬ್ರೆಜಿಲ್‌ನಲ್ಲಿ ಪರವೊಪೆಬಾ ದರ್ಜೆಯ ಹೊಳೆಗಳಿಗೆ ಮಿತಿ 100. ಆ ದಿನಗಳಲ್ಲಿ ಹೊಳೆ ಇದನ್ನು ಎಷ್ಟೋ ಪಟ್ಟು ದಾಟಿತು. ಬೆಳಕು ಒಳಹೋಗದ, ಉಸಿರಾಡಲು ಆಮ್ಲಜನಕ ಸಿಗದ ನೀರಿನಲ್ಲಿ ಮೀನು ಸಾಯುತ್ತದೆ. ಪಟ್ಟಣಗಳ ನೀರು ಶುದ್ಧೀಕರಣ ಘಟಕಗಳು ಅಂಥ ಕೆಸರನ್ನು ಸೋಸಲಾರವು. ಬೆಲೊ ಹೊರಿಜೊಂಟೆ ಮಹಾನಗರಕ್ಕೆ ಆ ಹೊಳೆಯಿಂದ ನೀರೆತ್ತುವುದನ್ನು ನಿಲ್ಲಿಸಿದರು.

ರಾಡಿಯ ಪರೀಕ್ಷೆ ಅಗ್ಗ, ಕ್ಷಣದಲ್ಲಿ ಆಗುತ್ತದೆ. ಆದರೆ ಅದು ಹೇಳುವುದು ಕೆಸರು ಎಲ್ಲಿದೆ ಎಂಬುದನ್ನು ಮಾತ್ರ. ಕೆಸರಿನೊಳಗೆ ಏನಿದೆ ಎಂದು ಹೇಳುವುದಿಲ್ಲ. ತಿಳಿಯಾದ ನೀರೆಲ್ಲ ಒಳ್ಳೆಯದು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಗಾಜಿನಂತೆ ತಿಳಿಯಾಗಿರುತ್ತದೆ ಎಂಬುದು ಕೋಲಾರ, ಪಾವಗಡ ಕಡೆಯ ಅಕ್ಕಂದಿರಿಗೆ ನಾನು ಹೇಳಬೇಕಾಗಿಲ್ಲ.

ಲೋಹ: ಕರಗಿದ್ದೋ, ಅಂಟಿದ್ದೋ?

ಲೋಹದ ಪರೀಕ್ಷೆಗೆ ಎರಡು ಬಾಟಲಿ ಬೇಕು. ಒಂದರ ನೀರನ್ನು ಬಹಳ ಸಣ್ಣ ರಂಧ್ರದ ಜರಡಿ ಹಾಳೆಯಲ್ಲಿ ಸೋಸುತ್ತಾರೆ. ಆ ರಂಧ್ರ ಮಿಲಿಮೀಟರಿನ ಎರಡು ಸಾವಿರದ ಒಂದು ಪಾಲಿಗಿಂತಲೂ ಚಿಕ್ಕದು. ಸೋಸಿದ ನೀರಿನಲ್ಲಿ ಸಿಕ್ಕರೆ ಅದು ಕರಗಿದ ಲೋಹ. ಇನ್ನೊಂದನ್ನು ಸೋಸದೆ, ಕೆಸರು ಸಮೇತ ಪರೀಕ್ಷಿಸುತ್ತಾರೆ. ಅದು ಒಟ್ಟು ಲೋಹ. ಬಾಟಲಿಯ ಗೋಡೆಗೆ ಲೋಹ ಅಂಟಿಕೊಳ್ಳದಂತೆ ಎರಡಕ್ಕೂ ಸ್ವಲ್ಪ ನೈಟ್ರಿಕ್ ಆಮ್ಲ ಹಾಕುತ್ತಾರೆ. ಮನೆಯ ಹಳೇ ಬಾಟಲಿಯಲ್ಲಿ ನೀರು ಹಿಡಿದು ತಿಂಗಳ ಮೇಲೆ ಕೊಟ್ಟರೆ ಲೋಹದ ಪರೀಕ್ಷೆ ಸರಿ ಬರುವುದಿಲ್ಲ ಎನ್ನುವುದು ಇದಕ್ಕೇ.

ಮೊದಲ ದಿನಗಳಲ್ಲಿ ಪರವೊಪೆಬಾದಲ್ಲಿ ಒಟ್ಟು ಸೀಸ ಮತ್ತು ಪಾದರಸ ಮಿತಿಯ 21 ಪಟ್ಟಿನವರೆಗೆ ಸಿಕ್ಕಿತು ಎಂದು ಸರ್ಕಾರವೇ ಪ್ರಕಟಿಸಿತು. ಆಮೇಲೆ ದೀರ್ಘಕಾಲ ಮಿತಿ ಮೀರುತ್ತಿದ್ದದ್ದು ಮುಖ್ಯವಾಗಿ ಕಬ್ಬಿಣ, ಮ್ಯಾಂಗನೀಸ್, ಅಲ್ಯುಮಿನಿಯಂ. ಕಬ್ಬಿಣದ ಗಣಿಯಲ್ಲಿ ಪಾದರಸಕ್ಕೆ ಏನು ಕೆಲಸ ಎಂದು ಕೇಳಬಹುದು. ಕೆಸರಿನ ದೊಡ್ಡ ಅಲೆ ಬಂದಾಗ ಹೊಳೆಯ ತಳದಲ್ಲಿ ಎಷ್ಟೋ ವರ್ಷದಿಂದ ಕೂತಿದ್ದ ಹಳೆಯ ಹೂಳೂ ಎದ್ದು ಬರುತ್ತದೆ. ಕೆರೆ ಕಲಕಿದರೆ ಈಚಿನದಷ್ಟೇ ಅಲ್ಲ, ಅಜ್ಜನ ಕಾಲದ ಕೆಸರೂ ಏಳುತ್ತದೆ.

ಆ ಕಾರಣಕ್ಕೆ ನೀರಿನ ಜೊತೆ ತಳದ ಹೂಳನ್ನೂ ಪರೀಕ್ಷಿಸಬೇಕು. ನೀರು ಹರಿದುಹೋಗುತ್ತದೆ, ಹೂಳು ಅಲ್ಲೇ ಕೂರುತ್ತದೆ. ಬೇಸಿಗೆಯಲ್ಲಿ ಮೇಲಿನ ನೀರು ತಿಳಿಯಾಗುತ್ತದೆ, ಫಲಿತಾಂಶ ಚೆನ್ನಾಗಿ ಬರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಮುಂದಿನ ಮಳೆಗೆ ಅದೇ ಹೂಳು ಮತ್ತೆ ಏಳುತ್ತದೆ. 2022ರ ಜನವರಿಯ ಪ್ರವಾಹದಲ್ಲಿ ಪರವೊಪೆಬಾ ದಂಡೆ ಮೀರಿ ಮನೆಗಳ ಮೇಲೂ ಹೊಲಗಳ ಮೇಲೂ ಕೆಸರು ಬಿಟ್ಟು ಹೋಯಿತು. ಹೊಳೆಯ ಪರೀಕ್ಷೆ ತಿಂಗಳುಗಳ ಕೆಲಸ ಅಲ್ಲ, ವರ್ಷಗಳ ಕೆಲಸ. ಕಡೇಪಕ್ಷ ಹಲವು ಮಳೆಗಾಲ ನೋಡಬೇಕು.

ಸರ್ಕಾರವಷ್ಟೇ ಅಲ್ಲ, ಸೋಸ್ ಮಾತಾ ಅಟ್ಲಾಂಟಿಕಾ ಎಂಬ ಸ್ವಯಂಸೇವಾ ಸಂಸ್ಥೆಯವರೂ ಹೊಳೆಯುದ್ದಕ್ಕೂ 22 ಕಡೆ ನೀರು ಪರೀಕ್ಷಿಸಿದರು. ಒಂದು ಕಡೆಯೂ ನೀರು ಚೆನ್ನಾಗಿದೆ ಎಂದು ಬರಲಿಲ್ಲ. ಆಮೇಲೆ ಒಂದು ಜಗಳ ಹುಟ್ಟಿತು. ಕೆಸರು ಕೆಳಗಿನ ಜಲಾಶಯ ದಾಟಿ ಸಾವೊ ಫ್ರಾನ್ಸಿಸ್ಕೊ ನದಿಯ ಕಡೆಗೆ ಹೋಗಿದೆ ಎಂದು ಸಂಸ್ಥೆಯವರು, ಇಲ್ಲ ಎಂದು ಸರ್ಕಾರದವರು. ಇಂಥ ಜಗಳ ಕೇಳಿದಾಗ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಕೂಡಲೇ ತೀರ್ಮಾನಿಸಬೇಡಿ. ಯಾವ ಜಾಗ, ಯಾವ ದಿನ, ಕರಗಿದ್ದೋ ಒಟ್ಟೋ, ಯಾವುದಕ್ಕೆ ಹೋಲಿಸಿದರು, ಈ ನಾಲ್ಕನ್ನು ಕೇಳಿ.

ಯಾವ ಗಣಿ ಎಂಬುದು ಮುಖ್ಯ

ಎಲ್ಲ ಗಣಿ ಕೆಸರೂ ಒಂದೇ ಅಲ್ಲ. 1998ರ ಏಪ್ರಿಲ್‌ನಲ್ಲಿ ಸ್ಪೇನ್ ದೇಶದ ಅಜ್ನಾಲ್‌ಕೊಯಾರ್‌ನಲ್ಲಿ ಒಡೆದ ಕಟ್ಟೆಯ ಕೆಸರಿನಲ್ಲಿ ಗಂಧಕ ಬೆರೆತ ಅದಿರಿತ್ತು. ನೀರು ಹುಳಿಯಾಯಿತು, ಸತು, ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ 4,000 ಹೆಕ್ಟೇರ್‌ಗೂ ಹೆಚ್ಚು ಜಮೀನಿಗೆ ಹರಡಿತು. ಕೆಸರನ್ನು ಯಂತ್ರದಿಂದ ಕೆರೆದು ತೆಗೆದ ಮೇಲೂ ಅಲ್ಲಿ ಬೇಸಾಯ, ದನ ಮೇಯಿಸುವುದು ಎರಡನ್ನೂ ನಿಷೇಧಿಸಿ ಸರ್ಕಾರವೇ ಜಮೀನು ಕೊಂಡುಕೊಂಡಿತು. 2000ದ ಜನವರಿ 30ರಂದು ರೊಮೇನಿಯಾದ ಬಾಯಾ ಮಾರೆಯಲ್ಲಿ ಒಡೆದದ್ದು ಚಿನ್ನದ ಕೆಲಸಕ್ಕೆ ಬಳಸಿದ ಸೈನೈಡ್ ನೀರಿನ ಕಟ್ಟೆ. ಸುಮಾರು ಒಂದು ಲಕ್ಷ ಘನ ಮೀಟರ್ ನೀರು ಹರಿದು, ಹಂಗೇರಿಯ ಟಿಸಾ ನದಿಯಲ್ಲಿ ಟನ್‌ಗಟ್ಟಲೆ ಮೀನು ಸತ್ತವು.

ಸೈನೈಡ್ ನಿಮಗೆ ಹೊಸದಲ್ಲ. ಮಳೆ ಕೈಕೊಟ್ಟಾಗ ಬಾಡಿದ ಎಳೆ ಜೋಳದ ಬೆಳೆಗೆ ನುಗ್ಗಿದ ಹಸು ನಿಂತಲ್ಲೇ ಬಿದ್ದು ಒದ್ದಾಡಿ ಸಾಯುತ್ತದಲ್ಲ, ಅಲ್ಲಿ ಕೊಲ್ಲುವುದೂ ಅದೇ ವಿಷ. ಅದು ನಿಮಿಷಗಳಲ್ಲಿ ಕೊಲ್ಲುತ್ತದೆ, ಆದರೆ ನೀರಿನಲ್ಲಿ ಬಹುಕಾಲ ಉಳಿಯುವುದಿಲ್ಲ. ಸೀಸ ಇದಕ್ಕೆ ತದ್ವಿರುದ್ಧ: ನಿಧಾನವಾಗಿ ಕೊಲ್ಲುತ್ತದೆ, ಹೋಗುವುದೇ ಇಲ್ಲ. ಕಬ್ಬಿಣದ ಕೆಸರು ಇವೆರಡಕ್ಕಿಂತ ಸೌಮ್ಯ, ಆದರೆ ಪ್ರಮಾಣ ಬಲು ದೊಡ್ಡದು. ಆದ್ದರಿಂದ ಕಟ್ಟೆ ಒಡೆದ ಸುದ್ದಿ ಬಂದಾಗ ಮೊದಲ ಪ್ರಶ್ನೆ ‘ಅದು ಯಾವ ಗಣಿ?’

ಹಸುವಿನ ಹೊಟ್ಟೆಗೆ ಹೋಗುವ ದಾರಿ

ನೀರಿನ ಬಗ್ಗೆ ಇಷ್ಟು ಬರೆದೆ. ಈಗ ಪಶುವೈದ್ಯರಾಗಿ ನಾವು ಹೆಚ್ಚು ಚಿಂತಿಸುವ ವಿಷಯಕ್ಕೆ ಬರುತ್ತೇನೆ: ಪ್ರವಾಹದ ನಂತರದ ಹುಲ್ಲು.

ಹಸು ಮೇಯುವಾಗ ಹುಲ್ಲಿನ ಜೊತೆ ಮಣ್ಣನ್ನೂ ತಿನ್ನುತ್ತದೆ. ಹುಲ್ಲು ಎತ್ತರ ಇದ್ದಾಗ ಸ್ವಲ್ಪ, ಬೇಸಿಗೆಯಲ್ಲಿ ಹುಲ್ಲು ನೆಲ ಕಚ್ಚಿದಾಗ ಬಹಳ. ಕುರಿ ಇನ್ನೂ ಬುಡಕ್ಕೆ ಕಚ್ಚುತ್ತದೆ, ಅದಕ್ಕೆ ಹೋಗುವ ಮಣ್ಣೂ ಹೆಚ್ಚು. ಕೆಸರು ನೀರು ಇಳಿದ ಮೇಲೆ ಹುಲ್ಲಿನ ಎಲೆಗೆ ಹಿಟ್ಟಿನಂಥ ಪದರ ಒಣಗಿ ಅಂಟಿರುತ್ತದೆ. ಆ ಹುಲ್ಲು ತಿಂದ ಹಸುವಿಗೆ ಹೊಳೆಯ ನೀರು ಕುಡಿದದ್ದಕ್ಕಿಂತ ಹೆಚ್ಚು ಲೋಹ ಹೋಗಬಹುದು. ‘ನೀರು ಬೋರ್‌ವೆಲ್‌ನದೇ ಕೊಡುತ್ತೇವೆ’ ಎಂದು ನೆಮ್ಮದಿಯಿಂದ ಇದ್ದು, ಹೊಳೆ ದಂಡೆಯ ಗರಿಕೆ ಕೊಯ್ದು ತಂದು ಹಾಕಿದರೆ ಪ್ರಯೋಜನವಿಲ್ಲ. ಮೇವು ಕೊಯ್ಯುವುದು ಹೆಚ್ಚಾಗಿ ನಾವು ಹೆಂಗಸರೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕೆಸರು ಹತ್ತಿದ ಮೇವನ್ನು ಜಾಡಿಸಿ, ತೊಳೆದು ಹಾಕುವುದೂ ಬೇಡ. ಆ ಬೆಳೆಯನ್ನು ಕೊಯ್ದು ಬೇರೆ ಹಾಕಿ; ಹೊಸದಾಗಿ ಚಿಗುರಿದ್ದನ್ನು ಬುಡ ಬಿಟ್ಟು ಎತ್ತರದಲ್ಲಿ ಕೊಯ್ಯಿರಿ, ಅದೂ ಮಣ್ಣಿನ ಪರೀಕ್ಷೆ ಆದ ಮೇಲೆ.

ಕಬ್ಬಿಣ ಹೆಚ್ಚಿದ ನೀರಿನ ರುಚಿ ಕೆಡುತ್ತದೆ; ಹಸು ಕಡಿಮೆ ಕುಡಿಯುತ್ತದೆ, ಹಾಲು ಇಳಿಯುತ್ತದೆ. ಬಹಳ ದಿನ ಮುಂದುವರಿದರೆ ಕಬ್ಬಿಣವು ತಾಮ್ರವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಪ್ಪು ಹಸುವಿನ ಕೂದಲು ಕೆಂಚಾಗುವುದು, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಿಳಿಚುವುದು, ಬೆದೆಗೆ ಬಾರದಿರುವುದು, ಕರು ಸೊರಗುವುದು ಇದರ ಗುರುತು. ಇದನ್ನು ಓದಿ ಅಂಗಡಿಯಿಂದ ಮೈಲುತುತ್ತ ತಂದು ಹಸುವಿಗೆ ಕುಡಿಸಬೇಡಿ. ತಾಮ್ರ ಹೆಚ್ಚಾದರೆ ಅದೇ ವಿಷ, ಪಕ್ಕದಲ್ಲಿ ಕಟ್ಟಿದ ಕುರಿಗಂತೂ ಸ್ವಲ್ಪವೇ ಸಾಕು. ಖನಿಜ ಮಿಶ್ರಣ ಎಷ್ಟು, ಯಾವುದು ಎಂದು ವೈದ್ಯರನ್ನು ಕೇಳಿ.

ಸೀಸದ ವಿಷವನ್ನು ನಾವು ಗಣಿಯಿಲ್ಲದ ಊರುಗಳಲ್ಲೂ ನೋಡುತ್ತೇವೆ. ಒಡೆದ ಬ್ಯಾಟರಿಯ ಚೂರು ನೆಕ್ಕಿದ ಕರು, ಹಳೇ ಬಣ್ಣದ ಡಬ್ಬಿ ನೆಕ್ಕಿದ ಹಸು. ಕಣ್ಣು ತೆರೆದಿದ್ದರೂ ಕಾಣದೆ ಗೋಡೆಗೆ ಹಾಯುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಕಿವಿ ಅದುರುತ್ತದೆ, ತೂರಾಡುತ್ತದೆ, ಮೆಲುಕು ನಿಲ್ಲುತ್ತದೆ. ಕರುಗಳಿಗೆ ಬೇಗ ತಗಲುತ್ತದೆ. ಒಂದು ಎಚ್ಚರಿಕೆ: ಹುಚ್ಚುನಾಯಿ ಕಡಿದ ರಾಸಿನಲ್ಲೂ ಇಂಥ ಕೆಲವು ಚಿಹ್ನೆ ಕಾಣುತ್ತವೆ. ಗಂಟಲಿಗೆ ಏನೋ ಸಿಕ್ಕಿರಬೇಕು ಎಂದು ಬಾಯಿಗೆ ಕೈ ಹಾಕಬೇಡಿ, ಮೊದಲು ಫೋನ್ ಮಾಡಿ.

ಹಾಲಿನಲ್ಲಿ ಬರುತ್ತದೆಯೇ?

ಸಭೆಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಕಬ್ಬಿಣ, ಮ್ಯಾಂಗನೀಸ್ ಹಾಲಿಗೆ ಇಳಿಯುವುದು ಬಹಳ ಕಡಿಮೆ. ಸೀಸವೂ ಹೆಚ್ಚಾಗಿ ಹಸುವಿನ ಪಿತ್ತಜನಕಾಂಗ, ಮೂತ್ರಪಿಂಡ, ಮೂಳೆಗಳಲ್ಲಿ ನಿಲ್ಲುತ್ತದೆ, ಸ್ವಲ್ಪ ಹಾಲಿಗೆ ಬರುತ್ತದೆ. ಆದರೆ ಹಾಲಿಗೆ ಮಿತಿಯೂ ಬಿಗಿ. ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಒಂದು ಕೆ.ಜಿ. ಹಾಲಿಗೆ 0.02 ಮಿಲಿಗ್ರಾಂ ಸೀಸ, ಅಂದರೆ ಸಾವಿರ ಕೆ.ಜಿ. ಹಾಲಿಗೆ 20 ಮಿಲಿಗ್ರಾಂ. ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ಹಾಲು ಕುಡಿಯುವವರಲ್ಲಿ ಎಳೆ ಮಕ್ಕಳೇ ಹೆಚ್ಚು, ಅವರ ಮೆದುಳಿಗೆ ಸೀಸದ ಪೆಟ್ಟು ದೊಡ್ಡದು, ಅದಕ್ಕೇ ಈ ಬಿಗಿ.

ಹಾಲು ಪರೀಕ್ಷೆಯಲ್ಲಿ ಪಾಸಾಯಿತು ಎಂದರೆ ಹಸು ಆರೋಗ್ಯವಾಗಿದೆ ಎಂದು ಅರ್ಥವಲ್ಲ. ಹಸುವಿನ ಒಳಗೆ ಎಷ್ಟಿದೆ ಎಂದು ತಿಳಿಯಲು ರಕ್ತ ಪರೀಕ್ಷಿಸಬೇಕು. ಸತ್ತ ರಾಸಿನಲ್ಲಾದರೆ ಪಿತ್ತಜನಕಾಂಗ ಮತ್ತು ಮೂತ್ರಪಿಂಡ. ಒಮ್ಮೆ ನೋಡಿದರೂ ಸಾಲದು. ಮೂಳೆಯಲ್ಲಿ ಕೂತ ಸೀಸ ಅಲ್ಲೇ ಇರುವುದಿಲ್ಲ. ಕರು ಹಾಕಿದ ಮೇಲೆ ಹಾಲಿಗಾಗಿ ಹಸು ತನ್ನ ಮೂಳೆಯ ಸುಣ್ಣವನ್ನು ಕರಗಿಸಿಕೊಳ್ಳುತ್ತದಲ್ಲ, ಆಗ ಅದರ ಜೊತೆ ಸೀಸವೂ ರಕ್ತಕ್ಕೆ ಬರುತ್ತದೆ. ಬತ್ತಿಸಿದ ಕಾಲದಲ್ಲಿ ಸರಿಯಾಗಿದ್ದ ಹಸುವನ್ನು ಕರು ಹಾಕಿದ ಮೇಲೆ ಮತ್ತೊಮ್ಮೆ ನೋಡಬೇಕು.

ಇನ್ನೊಂದು ಮಾತು, ಮುಚ್ಚುಮರೆಯಿಲ್ಲದೆ. ಒಬ್ಬರ ಮನೆಯ 8 ಲೀಟರ್ ಹಾಲು ಬಿಎಂಸಿಯಲ್ಲಿ ಇಡೀ ಊರಿನ ಹಾಲಿಗೆ ಸೇರುತ್ತದೆ. ಹಾಲು ನಿಲ್ಲಿಸಿಬಿಡುತ್ತಾರೆ, ಬಟವಾಡೆ ತಪ್ಪುತ್ತದೆ ಎಂಬ ಹೆದರಿಕೆಯಿಂದ ಯಾರೂ ಸುದ್ದಿ ಮುಚ್ಚಿಡಬಾರದು. ಹೆದರಿಕೆ ಸುಳ್ಳಲ್ಲ, ಒಂದು ವಾರದ ಬಟವಾಡೆ ಎಂದರೆ ಮನೆಯ ದಿನಸಿ. ಅದಕ್ಕೇ ಹೇಳುವುದು, ಹಾಲಿನ ಪಾಸ್‌ಬುಕ್, ವಿಮೆಯ ಓಲೆ, ಚಿಕಿತ್ಸೆಯ ಚೀಟಿ ಜೋಪಾನ. ಪರಿಹಾರದ ಮಾತು ಬಂದ ದಿನ ಕೇಳುವುದು ಇವನ್ನೇ. ಬ್ರುಮಾಡಿನ್ಯೊ ದುರಂತಕ್ಕೆ ಕಂಪನಿ 3,768 ಕೋಟಿ ರಿಯಾಲ್ ಕೊಡುವ ಒಪ್ಪಂದ ಆದದ್ದು 2021ರ ಫೆಬ್ರವರಿಯಲ್ಲಿ, ಎರಡು ವರ್ಷದ ಮೇಲೆ.

ನಮ್ಮ ಕಡೆ

ನಮ್ಮ ರಾಜ್ಯದಲ್ಲೂ ಗಣಿ ಕೆಸರಿನ ಕಟ್ಟೆ ಇದೆ. ಕುದುರೆಮುಖದ ಕಬ್ಬಿಣ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಅದರ ಕೆಸರನ್ನು ತುಂಬಿದ, ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಭದ್ರಾ ಹೊಳೆಯ ಸೀಮೆಯಲ್ಲಿ ಇವತ್ತಿಗೂ ನಿಂತಿದೆ. ಅದು ಒಡೆದಿಲ್ಲ, ಹೆದರಿಸಲು ಇದನ್ನು ಬರೆಯುತ್ತಿಲ್ಲ. ಬ್ರುಮಾಡಿನ್ಯೊದ ಕಟ್ಟೆಯೂ ಒಡೆದಾಗ ಕೆಲಸ ನಿಲ್ಲಿಸಿ ಎರಡೂವರೆ ವರ್ಷವಾಗಿತ್ತು. ಗಣಿ ಮುಚ್ಚಿದರೂ ಕಟ್ಟೆಯನ್ನು ಕಾಯುವ ಕೆಲಸ ಮುಚ್ಚುವುದಿಲ್ಲ, ಕೆಳಗಿನ ಹೊಳೆಯ ಹಳೆಯ ಲೆಕ್ಕ ಬರೆದಿಡುವ ಕೆಲಸವೂ ಅಷ್ಟೇ.

ಇಲ್ಲಿ ಹೊಳೆಗಳ ನೀರನ್ನು ಪರೀಕ್ಷಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಊರಿನ ಕುಡಿಯುವ ನೀರಿಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಿವೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಕಿಟ್‌ನಿಂದ ನೀರು ಪರೀಕ್ಷಿಸುವುದನ್ನು ಕಲಿಸಬೇಕು ಎಂದಿದೆ. ನಿಮ್ಮಲ್ಲೇ ಕೆಲವರು ಆ ತರಬೇತಿ ಪಡೆದಿರಬಹುದು. ಆ ಕಿಟ್ ಪಿಎಚ್, ರಾಡಿ, ಕಬ್ಬಿಣ, ಫ್ಲೋರೈಡ್, ನೈಟ್ರೇಟ್‌ನಂಥವನ್ನು ಹೇಳುತ್ತದೆ, ಸೀಸ ಪಾದರಸ ಹೇಳುವುದಿಲ್ಲ. ಆದರೂ ಅದು ಸಣ್ಣ ಸಾಧನವಲ್ಲ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನೋಡಿ ಸಂಘದ ಪುಸ್ತಕದಲ್ಲಿ ಬರೆದಿಟ್ಟರೆ, ಹನ್ನೆರಡು ತಿಂಗಳಲ್ಲಿ ನಿಮ್ಮ ಹೊಳೆಯ ಮಾಮೂಲು ಸ್ಥಿತಿ ಯಾವುದೆಂದು ನಿಮಗೇ ಗೊತ್ತಾಗುತ್ತದೆ.

ಎಂದಾದರೂ ಮಳೆಯಿಲ್ಲದೆ ಹೊಳೆ ಬಣ್ಣ ಬದಲಿಸಿದರೆ, ಮೀನು ತೇಲಿದರೆ, ದಿನವೂ ಇಳಿಯುತ್ತಿದ್ದ ದನ ಮೂಸಿ ಹಿಂದೆ ಸರಿದರೆ, ಆ ದಿನವೇ ರಾಸುಗಳನ್ನು ಮನೆಯಲ್ಲಿ ಕಟ್ಟಿ ಬೇರೆ ನೀರು ಕೊಡಿ. ಸಂಘದ ಕಾರ್ಯದರ್ಶಿಗೆ, ಪಂಚಾಯಿತಿಗೆ, ನಮ್ಮ ಪಶುವೈದ್ಯ ಶಿಬಿರ ಕಚೇರಿಗೆ ತಿಳಿಸಿ. ಅಧಿಕಾರಿಗಳು ಬರುವಷ್ಟರಲ್ಲಿ ನೀರು ಹರಿದು ಹೋಗಿರುತ್ತದೆ, ಆದ್ದರಿಂದ ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಒಂದು ಬಾಟಲಿ ಕೆಡುಕು ಕಂಡ ಜಾಗದಲ್ಲಿ, ಒಂದು ಅದಕ್ಕಿಂತ ಮೇಲೆ ತುಂಬಿಡಿ. ಕಾಲು ಇಳಿಸಿ ತಳ ಕಲಕಬೇಡಿ, ಹರಿವಿಗೆ ಎದುರಾಗಿ ಬಾಟಲಿಯ ಬಾಯಿ ಹಿಡಿಯಿರಿ. ಕೈಗೆ ನೀರು ತಾಗದಂತೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ, ಮಕ್ಕಳನ್ನು ಕಳಿಸಬೇಡಿ. ತಂದು ತಂಪಿನಲ್ಲಿ ಇಡಿ. ಬಿಎಂಸಿ ಕೋಣೆಯೊಳಗೆ ಮಾತ್ರ ಬೇಡ, ಅಲ್ಲಿ ಹಾಲಿದೆ. ಬಾಟಲಿಯ ಮೇಲೆ ಊರು, ಹೊಳೆಯ ಯಾವ ಜಾಗ, ದಿನಾಂಕ, ಗಂಟೆ, ಹಿಂದಿನ ದಿನ ಮಳೆ ಬಂದಿತ್ತೇ ಇಲ್ಲವೇ ಎಂಬುದನ್ನು ಅಳಿಸದ ಪೆನ್ನಿನಲ್ಲಿ ಬರೆಯಿರಿ.